ಓದದೆ ಬಿಟ್ಟ ಎರಡು ಸಾಲು

ನಮ್ಮ ಮನೆಗೆ ನಾಯಿ ಬಂದ ದಿನ ಅತ್ತೆಯವರು ಕೇಳಿದ ಮೊದಲ ಪ್ರಶ್ನೆ, “ಎಷ್ಟು ಕೊಟ್ಟೆ?” ಎಂದು.

“ದುಡ್ಡು ಕೊಟ್ಟು ತಂದದ್ದಲ್ಲ ಅತ್ತೆ, ದತ್ತು ತಗೊಂಡದ್ದು” ಎಂದೆ. ಆಶ್ರಯಧಾಮದ ಹುಂಡಿಗೆ ಒಂದು ಸಾವಿರ ರೂಪಾಯಿ ಹಾಕಿ ಬಂದಿದ್ದೆ. ಅದನ್ನು ಹೇಳಲಿಲ್ಲ.

ಅತ್ತೆಗೆ ಎಂಬತ್ತನಾಲ್ಕು. ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದಕ್ಕೆ ಒಪ್ಪಿಲ್ಲ. ಕಿವಿ ಮಾತ್ರ ಚುರುಕು. “ದತ್ತು ಅನ್ನೋದು ಮಕ್ಕಳಿಗೆ ಹೇಳೋ ಮಾತು ಕಣೆ. ತಗೊಳ್ಳೋರು ಇದ್ದರೆ ಸಾಲದು, ಕೊಡೋರೂ ಬೇಕು. ಹೆತ್ತೋರು ಕೈಯಾರೆ ಎತ್ತಿ ಕೊಡಬೇಕು. ಇದನ್ನ ನಿನಗೆ ಕೊಟ್ಟೋರು ಯಾರು?” ಎಂದರು. ನಾನು ನಕ್ಕು ಒಳಗೆ ಹೋದೆ. ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳಿಗೆ ಆ ಪ್ರಶ್ನೆ ಎಷ್ಟು ಸರಿಯಾದದ್ದು ಎಂದು ತಿಳಿಯಲು ಏಳು ತಿಂಗಳು ಬೇಕಾಯಿತು.

2024ರ ನವೆಂಬರ್ ತಿಂಗಳು. ಮಗಳು ಕೆಲಸದ ಮೇಲೆ ಬೆಂಗಳೂರಿಗೆ ಹೋಗಿ ಎರಡು ವರ್ಷವಾಗಿತ್ತು. ಇವರು ಬ್ಯಾಂಕಿನಿಂದ ನಿವೃತ್ತರಾಗಿ ಪತ್ರಿಕೆಯನ್ನು ಜಾಹೀರಾತು ಸಹಿತ ಓದುವ ಸ್ಥಿತಿಗೆ ಬಂದಿದ್ದರು. ಸಂಜೆ ಮನೆಗೆ ಬಂದರೆ ಗೋಡೆ ಗಡಿಯಾರದ ಸದ್ದು ಕೇಳಿಸುವಷ್ಟು ಮೌನ. “ಒಂದು ನಾಯಿ ಸಾಕಿ ಅಮ್ಮ” ಎಂದು ಮಗಳೇ ಹೇಳಿದಳು. ಅಂಗಡಿಯಲ್ಲಿ ಕೊಳ್ಳುವುದು ನನಗೆ ಇಷ್ಟವಿರಲಿಲ್ಲ. ಜೀವವನ್ನು ಚೌಕಾಸಿ ಮಾಡಿ ತರುವುದೇ? ಮೈಸೂರಿನ ಹೊರಗೆ ಬಿಟ್ಟ ನಾಯಿಗಳನ್ನು ಇಟ್ಟುಕೊಳ್ಳುವ ಒಂದು ಜಾಗವಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಒಂದು ಭಾನುವಾರ ಆಟೋ ಮಾಡಿಕೊಂಡು ಹೋದೆವು.

ಅಲ್ಲಿಗೆ ಹೋಗುವವರಿಗೆ ಒಂದು ಮಾತು ಹೇಳಬೇಕು. ಮನಸ್ಸು ಗಟ್ಟಿ ಇಲ್ಲದಿದ್ದರೆ ಹೋಗಬೇಡಿ. ಸಿಮೆಂಟ್ ನೆಲ, ಜಾಲರಿ ಬಾಗಿಲು, ಫಿನಾಯಿಲ್ ವಾಸನೆ. ದೊಡ್ಡ ಪಾತ್ರೆಯಲ್ಲಿ ಅನ್ನ, ಅರಿಸಿನ, ಕೋಳಿಯ ಚೂರುಪಾರು ಒಟ್ಟಿಗೆ ಬೇಯುವ ವಾಸನೆ. ನಮ್ಮನ್ನು ಕಂಡದ್ದೇ ತಡ, ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಬೊಗಳುವುದು ಶುರುವಾಯಿತು. ಕಾರು ಹತ್ತಿ ಕಾಲು ಕಳೆದುಕೊಂಡದ್ದು, ಕಣ್ಣಿಲ್ಲದ್ದು, ಮೈಮೇಲೆ ಕೂದಲೇ ಇಲ್ಲದ್ದು, ಹಣೆಯ ಮೇಲೆ ಹಳೆಯ ಗಾಯದ್ದು. ಎಲ್ಲವೂ ಜಾಲರಿಗೆ ಮೂಗು ಒತ್ತಿ ನಿಂತಿವೆ. ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯರ ನೆನಪಾಯಿತು. ನಾನೂ ಮೂರು ಸಲ ಹಾಗೆ ಕೂತವಳು. ಈಗ ನೋಡುವ ಕಡೆಯವಳಾಗಿ ನಿಂತಿದ್ದೆ.

ಮರಿ ಬೇಕೆಂದು ಕೇಳಿದೆ. “ಮರಿ ಎಲ್ಲರಿಗೂ ಬೇಕು ಮೇಡಂ, ಬಂದ ವಾರದಲ್ಲೇ ಹೋಗ್ಬಿಡ್ತವೆ. ಉಳಿಯೋದು ದೊಡ್ಡವು” ಎಂದ ಅಲ್ಲಿಯ ಹುಡುಗ. ಸರಿ, ದೊಡ್ಡದಾದರೂ ಆಗಲಿ ಎಂದರೆ ಯಾವುದನ್ನು ಎನ್ನುವುದು? ಒಂದರ ಮುಂದೆ ನಿಂತರೆ ಪಕ್ಕದ್ದು ಕೂಗುತ್ತದೆ. ಒಂದನ್ನು ಆರಿಸುವುದೆಂದರೆ ಮಿಕ್ಕ ಐವತ್ತು ಅರವತ್ತಕ್ಕೆ ಬೇಡ ಎಂದು ಹೇಳಿದಂತೆ. ಇದು ಪುಣ್ಯದ ಕೆಲಸ ಎನ್ನುವವರು ಅಲ್ಲಿಂದ ಹೊರಗೆ ಬರುವಾಗ ಬೆನ್ನ ಹಿಂದೆ ಕೇಳುವ ಕೂಗನ್ನು ಕೇಳಿಲ್ಲ. ಇವರು ಬ್ಯಾಂಕಿನವರಲ್ಲವೆ, “ಎಲ್ಲದರ ರಿಜಿಸ್ಟರ್ ಇರುತ್ತೆ, ನೋಡೋಣ” ಎಂದರು. ಆ ಹುಡುಗ ಉದ್ದನೆಯ ಪುಸ್ತಕ ತಂದು ಮೇಜಿನ ಮೇಲಿಟ್ಟ.

ಪುಟ ತಿರುವುತ್ತಿದ್ದ ನನ್ನ ಕೈ ಒಂದು ಕಡೆ ನಿಂತಿತು. ಹೆಸರು ಬ್ರೂನೋ. ಗಂಡು. ನಾಡತಳಿ. ವಯಸ್ಸು ಐದು. ಬಂದದ್ದು 2024ರ ಮೇ. ಕಾರಣ ಎಂಬ ಕಡೆ ಒಂದೇ ಪದ: ವರ್ಗಾವಣೆ.

“ಇದು ಯಾವುದು?” ಎಂದು ಕೇಳಿದೆ. ಹುಡುಗ ಕೊನೆಯ ಗೂಡಿಗೆ ಕರೆದುಕೊಂಡು ಹೋದ. ಕಂದು ಬಣ್ಣದ ನಾಯಿ, ಎದೆಯ ಮೇಲೆ ಬಿಳಿ ಮಚ್ಚೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿದ ಹಾಗೆ. ಎಲ್ಲವೂ ಬಾಗಿಲಿಗೆ ಬಂದಿದ್ದರೆ ಇದು ಹಿಂದಿನ ಗೋಡೆಗೆ ಒರಗಿ ಮಲಗಿತ್ತು. ನಮ್ಮನ್ನು ನೋಡಿ, ಬೇಕಾದವರಲ್ಲ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ತಲೆ ಕೆಳಗಿಟ್ಟಿತು. “ಇದೇ ಇರಲಿ” ಎಂದೆ. ಇವರಿಗೆ ಆಶ್ಚರ್ಯ. ಅದರ ಕಣ್ಣು ನೋಡಿ ಕರಗಿದೆ ಎಂದು ನಾನು ಆಮೇಲೆ ಹಲವರಿಗೆ ಹೇಳಿದ್ದೇನೆ. ಸುಳ್ಳು. ನಾಯಿಯನ್ನು ನೋಡುವ ಮೊದಲೇ ರಿಜಿಸ್ಟರಿನಲ್ಲಿ ಆ ಪದ ನೋಡಿ ತೀರ್ಮಾನ ಮಾಡಿದ್ದೆ.

ಮುಂದಿನ ವಾರ ಆಶ್ರಯಧಾಮದ ಕಡೆಯವರೊಬ್ಬರು ಮನೆ ನೋಡಲು ಬಂದರು. ಕಾಂಪೌಂಡ್ ಎತ್ತರ ನೋಡಿದರು, ಗೇಟಿನ ಕೊಂಡಿ ಎಳೆದು ನೋಡಿದರು. “ಸ್ವಂತ ಮನೆಯಾ? ನಿಮಗೆ ವರ್ಗ ಆಗುತ್ತಾ?” ಎಂದು ಕೇಳಿದರು. ಅನುದಾನಿತ ಶಾಲೆ, ವರ್ಗವಿಲ್ಲ ಎಂದೆ. ಗುರುತು ಹಾಕಿಕೊಂಡರು. ಸಂತಾನಹರಣ ಚಿಕಿತ್ಸೆ, ಹುಚ್ಚುನಾಯಿ ರೋಗದ ಲಸಿಕೆ ಎಲ್ಲ ಆಗಿತ್ತು. ರುಜು ಹಾಕಿದೆ. ಬ್ರೂನೋ ನಮ್ಮದಾಯಿತು.

ಇಲ್ಲಿ ನಾನು ಹಿಂದಕ್ಕೆ ಹೋಗಬೇಕು.

1979ರಲ್ಲಿ ನಾವು ಮಲೆನಾಡಿನ ಕೊಪ್ಪದಲ್ಲಿದ್ದೆವು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನನಗೆ ಹನ್ನೊಂದು. ನಮ್ಮಲ್ಲಿ ಕರಿಯ ಎಂಬ ನಾಯಿ ಇತ್ತು. ಸಾಕಿದ್ದು ಎನ್ನುವುದಕ್ಕಿಂತ ಇತ್ತು ಎನ್ನುವುದು ಸರಿ. ಆಗ ಯಾರೂ ನಾಯಿಯನ್ನು ಈಗಿನ ಹಾಗೆ ಸಾಕುತ್ತಿರಲಿಲ್ಲ. ಮಿಕ್ಕ ಅನ್ನ ತಿಂದು ಜಗಲಿಯ ಮೇಲೆ ಮಲಗುತ್ತಿತ್ತು. ಮಳೆಗಾಲದಲ್ಲಿ ನನ್ನ ಜೊತೆ ಶಾಲೆಯವರೆಗೆ ಬಂದು, ಮೈ ಕೊಡವಿ, ನನ್ನ ಲಂಗಕ್ಕೆಲ್ಲ ನೀರು ಹಾರಿಸಿ ವಾಪಸು ಹೋಗುತ್ತಿತ್ತು. ಆ ವರ್ಷ ಜೂನ್‌ನಲ್ಲಿ ಅಪ್ಪನಿಗೆ ಹಿರಿಯೂರಿಗೆ ವರ್ಗವಾಯಿತು. ಲಾರಿಯಲ್ಲಿ ಸಾಮಾನು ಹೋಯಿತು, ನಾವು ಬಸ್ಸಿನಲ್ಲಿ ಹೋದೆವು. ಕರಿಯನನ್ನು ಏನು ಮಾಡುವುದು ಎಂದು ಯಾರೂ ಚರ್ಚಿಸಿದ ನೆನಪಿಲ್ಲ. ಪಕ್ಕದ ಮನೆಯ ಅತ್ತೆ “ನಾವಿದ್ದೀವಲ್ಲ, ಒಂದು ಹಿಡಿ ಅನ್ನ ಹಾಕ್ತೀವಿ” ಎಂದರು. ಅಷ್ಟೇ. ಅಂಗಳದ ತುಳಸಿಕಟ್ಟೆ ಬಿಟ್ಟು ಬಂದ ಹಾಗೆ ಬಿಟ್ಟು ಬಂದೆವು.

ಹಿರಿಯೂರಿಗೆ ಬಂದ ಎರಡು ತಿಂಗಳಿಗೆ ಆ ಅತ್ತೆಯಿಂದ ಅಮ್ಮನಿಗೆ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ಬಂತು. ಅಮ್ಮನಿಗೆ ಓದಲು ಬರುತ್ತಿತ್ತು, ಆದರೆ ಅಕ್ಷರ ಕೂಡಿಸಿ ಕೂಡಿಸಿ. ಆದ್ದರಿಂದ ಹೆಂಗಸರ ಪತ್ರಗಳನ್ನು ಒಲೆಯ ಮುಂದೆ ಕೂತು ಓದಿ ಹೇಳುವ ಕೆಲಸ ನನ್ನದು. ಅಪ್ಪ ಆ ಪತ್ರಗಳನ್ನು ಮುಟ್ಟುತ್ತಿರಲಿಲ್ಲ. ಯಾರಿಗೆ ಮದುವೆ, ಯಾರ ಹಸು ಕರು ಹಾಕಿತು ಎಂದೆಲ್ಲ ಓದುತ್ತ ಬಂದೆ. ಕೊನೆಯಲ್ಲಿ, ಅಂಚಿಗೆ ಇಕ್ಕಟ್ಟಾಗಿ ಎರಡು ಸಾಲಿದ್ದವು. ನಿಮ್ಮ ಕರಿಯ ಇನ್ನೂ ನಿಮ್ಮ ಮನೆಯ ಜಗಲಿ ಬಿಟ್ಟಿಲ್ಲ, ಹಾಕಿದ್ದನ್ನು ಮೂಸಿ ಬಿಡುತ್ತದೆ, ಬಡವಾಗಿದೆ. ಯಾರಾದರೂ ಒಮ್ಮೆ ಬಂದು ಹೋದರೆ ಚೆನ್ನಾಗಿತ್ತು.

ಆ ಎರಡು ಸಾಲನ್ನು ನಾನು ಓದಲಿಲ್ಲ. “ಇತಿ ನಿಮ್ಮ ಪ್ರೀತಿಯ” ಎಂದು ಮುಗಿಸಿದೆ.

ಯಾಕೆ ಎಂದು ನಿಮಗೆ ಹೇಳಲು ನಾಚಿಕೆಯಾಗುತ್ತದೆ. ಅಮ್ಮನಿಗೆ ದುಃಖವಾಗುತ್ತದೆಂದು ಅಲ್ಲ. ಆ ಭಾನುವಾರ ಅಪ್ಪ ನಮ್ಮನ್ನು ಮಾರಿಕಣಿವೆಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದರು. ವಾಣಿವಿಲಾಸ ಸಾಗರ ನೋಡಿಲ್ಲದವರು ನಮ್ಮ ತರಗತಿಯಲ್ಲಿ ನಾನೊಬ್ಬಳೇ. ಅಮ್ಮ ಈ ಸಾಲು ಕೇಳಿದ್ದರೆ, “ಆ ಬಸ್ ಚಾರ್ಜಿನಲ್ಲಿ ಒಂದು ಸಲ ಕೊಪ್ಪಕ್ಕೆ ಹೋಗಿ ಬನ್ನಿ” ಎನ್ನುವವಳು. ಹೋಗುತ್ತಿದ್ದರೋ ಇಲ್ಲವೋ, ಎನ್ನುವುದಂತೂ ನಿಶ್ಚಯ. ನನಗೆ ಅಣೆಕಟ್ಟು ನೋಡಬೇಕಿತ್ತು. ನೋಡಿದೆ. ಎರಡು ಗುಡ್ಡಗಳ ನಡುವೆ ಅಷ್ಟೊಂದು ನೀರು ನಿಂತದ್ದನ್ನು ನೋಡಿ ಬೆರಗಾದೆ. ಕಡಲೆಕಾಯಿ ತಿಂದೆವು. ಪತ್ರ ಅಡುಗೆಮನೆಯ ತಂತಿಗೆ ಚುಚ್ಚಿಕೊಂಡು ಹೊಗೆ ಹಿಡಿದು, ಮುಂದಿನ ವರ್ಗದಲ್ಲಿ ಎಲ್ಲಿ ಹೋಯಿತೋ. ಕರಿಯನ ಬಗ್ಗೆ ಮತ್ತೆ ಯಾರೂ ಬರೆಯಲಿಲ್ಲ. ಅಮ್ಮ 2009ರಲ್ಲಿ ಹೋದಳು. ಅವಳಿಗೂ ನಾನು ಹೇಳಲಿಲ್ಲ.

ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಪ್ರವಾಸಕ್ಕೆಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಆತಕೂರಿನ ಶಾಸನವಿದೆ. ಮದ್ದೂರು ತಾಲ್ಲೂಕಿನ ಆತಕೂರು, ಕ್ರಿ.ಶ. 950ರ ಸುಮಾರಿನದು. ಗಂಗರ ಬೂತುಗನ ಬಂಟ ಮಣಲೇರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ದೊರೆಯಿಂದ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಸೆಣಸಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನೆಡಿಸಿದ, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟ. ನಾಯಿ ಹಂದಿಗಳ ಚಿತ್ರ ಕಲ್ಲಿನ ಮೇಲೆ ಈಗಲೂ ಇದೆ. ಮಕ್ಕಳಿಗೆ ವಿವರಿಸುತ್ತಿದ್ದವಳಿಗೆ ಗಂಟಲು ಕಟ್ಟಿತು. ಕಲ್ಲು ನೆಡುವುದಕ್ಕೂ ಅದು ಸತ್ತ ಜಾಗವಾದರೂ ಗೊತ್ತಿರಬೇಕು. ಕರಿಯ ಎಲ್ಲಿ ಬಿತ್ತೋ, ಯಾರು ಎಳೆದು ಹಾಕಿದರೋ.

ಹಾಗಾಗಿ ಸ್ಟಾಫ್ ರೂಮಿನಲ್ಲಿ “ನಿಮ್ಮದು ಎಂಥ ಒಳ್ಳೆ ಮನಸ್ಸು ಮೇಡಂ” ಎಂದು ಯಾರಾದರೂ ಹೇಳಿದರೆ ನನಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಹಳೆಯ ಸಾಲ ತೀರಿಸಲು ಬಂದವಳನ್ನು ದಾನಿ ಎಂದು ಕೂಡಿಸಿ ಹಾರ ಹಾಕಿದಂತೆ. ಸಾಲವೂ ನಿಜವಾಗಿ ತೀರುತ್ತದೆಯೇ? ಒಬ್ಬರಿಂದ ಪಡೆದದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ? ಒಂದು ದಿನ ಊಟದ ಹೊತ್ತಿಗೆ ಸುಮ್ಮನೆ, ಕತೆ ಹೇಳದೆ, ಇವರನ್ನು ಕೇಳಿದೆ. “ಬೇರೆ ಖಾತೆಗೆ ಕಟ್ಟಿದರೆ ಈ ಖಾತೆಯ ಸಾಲ ಹಾಗೇ ಇರುತ್ತೆ, ಬಡ್ಡಿನೂ ಬೆಳೀತಾ ಇರುತ್ತೆ” ಎಂದು ಇನ್ನೊಂದು ತುತ್ತು ಸಾರನ್ನ ಕಲಸಿಕೊಂಡರು.

ಬ್ರೂನೋ ನಮ್ಮ ಮನೆಯಲ್ಲಿ ಹನ್ನೊಂದು ದಿನ ಬೊಗಳಲಿಲ್ಲ. ಮೊದಲ ದಿನ ಇಟ್ಟ ತಟ್ಟೆಯನ್ನು ನಾವೆಲ್ಲ ಒಳಗೆ ಹೋಗಿ ದೀಪ ಆರಿಸಿದ ಮೇಲೆ ಮುಟ್ಟಿತು. ಎರಡನೆಯ ದಿನ ಮೊಸರನ್ನ ತಿಂದಿತು. ಅತ್ತೆ ಅಡುಗೆಮನೆಯ ಹೊಸಿಲಿಗೆ ಅಡ್ಡವಾಗಿ ಮಣೆ ಇಡಿಸಿದರು. ಅದು ಆ ಮಣೆ ದಾಟಲಿಲ್ಲ. ಅತ್ತೆಯ ಕುರ್ಚಿಯಿಂದ ಒಂದು ಮಾರು ದೂರ ಮಲಗುವುದು, ಅವರು ಎದ್ದರೆ ತಾನೂ ಎದ್ದು ಬಚ್ಚಲ ಬಾಗಿಲವರೆಗೆ ಹೋಗಿ ಕಾದು, ವಾಪಸು ಬರುವುದು. ಬ್ರೂನೋ ಎಂಬುದು ಅತ್ತೆಯ ಬಾಯಲ್ಲಿ ವರುಣನಾಯಿತು. ನಾನು ತಿದ್ದಲು ಹೋಗಲಿಲ್ಲ. ಒಂದು ತಿಂಗಳಾದ ಮೇಲೆ, “ಅವನು ಊಟ ಮಾಡಿದನೇನೆ?” ಎಂದು ಕೇಳಿದರು. ಇವರು ಪತ್ರಿಕೆಯಿಂದ ತಲೆಯೆತ್ತಿ, “ಯಾರು?” ಎಂದರು. ವ್ಯಾಕರಣದ ಪ್ರಕಾರ ನಾಯಿ ನಪುಂಸಕಲಿಂಗ ಎಂದು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಅದನ್ನು ಮೊದಲು ಮುರಿದವರು ಮಡಿಯುಟ್ಟು ಅಡುಗೆ ಮಾಡಿದ ಕಾಲದವರು.

ನನ್ನ ಹೆಮ್ಮೆಯ ವಿಷಯ ಬೇರೆ ಇತ್ತು. ಸಂಜೆ ನಾಲ್ಕೂವರೆಗೆ ಸರಿಯಾಗಿ ಅವನು ಎದ್ದು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದ. ನಾನು ಶಾಲೆಯಿಂದ ಬರುವುದು ಮುಕ್ಕಾಲಿಗೆ. ಗೇಟಿನ ಸರಳಿನ ನಡುವೆ ಮೂತಿ ಇಟ್ಟುಕೊಂಡು ಬೀದಿ ನೋಡುತ್ತಿರುತ್ತಿದ್ದ. ಇಷ್ಟು ವರ್ಷ ಗಂಡ, ಮಗಳು ಯಾರೂ ನನ್ನನ್ನು ಗೇಟಿನಲ್ಲಿ ನಿಂತು ಕಾದದ್ದಿಲ್ಲ. ನಮ್ಮ ಶಾಲೆಯಲ್ಲಿ ಈ ಮಾತು ಹೇಳದೆ ಬಿಟ್ಟ ಒಬ್ಬ ಸಹೋದ್ಯೋಗಿಯೂ ಇಲ್ಲ. ಕರಿಯನ ಲೆಕ್ಕ ಅಲ್ಪಸ್ವಲ್ಪ ಹಗುರಾಗಿದೆ ಎಂದು ಕೂಡ ಅನ್ನಿಸತೊಡಗಿತ್ತು.

2025ರ ಜೂನ್‌ನಲ್ಲಿ ಫೋನ್ ಬಂತು. ಆಶ್ರಯಧಾಮದ ಅದೇ ಹುಡುಗ. “ಮೇಡಂ, ಬ್ರೂನೋನ ಬಿಟ್ಟು ಹೋಗಿದ್ರಲ್ಲ, ಅವರು ಬಂದಿದ್ರು. ಮತ್ತೆ ಮೈಸೂರಿಗೆ ವರ್ಗ ಆಗಿದೆಯಂತೆ. ಜೊತೇಲಿ ಒಂದು ಹುಡುಗಿ, ತುಂಬಾ ಅಳ್ತಾ ಇತ್ತು. ನಾಯಿ ಈಗ ನಿಮ್ಮದು, ನಾವು ಕೊಡಿ ಅನ್ನೋಕೆ ಬರಲ್ಲ. ನಿಮ್ಮ ನಂಬರ್ ಕೊಡ್ಲಾ, ಬೇಡ್ವಾ?” ಯೋಚಿಸಿ ಹೇಳುತ್ತೇನೆ ಎಂದೆ. ಇವರು ಒಳಗಿನಿಂದ ಯಾರದು ಫೋನ್ ಎಂದರು.

“ಶಾಲೆಯಿಂದ” ಎಂದೆ.

ಆ ಮೂರು ದಿನ ನಾನು ನನ್ನೊಳಗೆ ವಕೀಲಿ ಮಾಡಿದ್ದಕ್ಕೆ ಲೆಕ್ಕವಿಲ್ಲ. ಒಮ್ಮೆ ಬಿಟ್ಟವರು ಇನ್ನೊಮ್ಮೆ ಬಿಡುವುದಿಲ್ಲವೇ? ಕಾನೂನಿನಲ್ಲೂ ಅದು ತಪ್ಪು. ಕಾರಣವಿಲ್ಲದೆ, ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ನೃತ್ಯಗಾತಿ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಕೂತು ಇಂಥ ಕಾಯ್ದೆಗಾಗಿ ಪಟ್ಟು ಹಿಡಿದರು ಎಂದು ಮಕ್ಕಳಿಗೆ ಹೇಳುತ್ತಿರುತ್ತೇನೆ. ಮೊದಲ ಸಲದ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ ಎಂಬುದನ್ನು ಹೇಳುವುದಿಲ್ಲ, ಹೇಳಿದರೆ ನಗುತ್ತಾರೆ. ಆದರೆ ಈ ಜನ ನಾಯಿಯನ್ನು ಬೀದಿಗೆ ಬಿಟ್ಟವರಲ್ಲ. ಅನ್ನ ಹಾಕುವ ಜಾಗ ಹುಡುಕಿ, ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ನಿಜವಾದ ಕಾರಣ ಬರೆಸಿ ಹೋದವರು. ನಮ್ಮ ಅಪ್ಪ ಅಷ್ಟೂ ಮಾಡಿರಲಿಲ್ಲ. ಹಾಗೆ ನೋಡಿದರೆ ಆ ಕಲಮಿನ ಕೆಳಗೆ ಬರುವವರು ಯಾರು?

ಮೂರನೆಯ ದಿನ ಒಂಬತ್ತನೆಯ ತರಗತಿಯಲ್ಲಿ ಗಣಿತದ ಮೇಷ್ಟ್ರು ರಜೆ, ನನ್ನನ್ನು ಕಳಿಸಿದರು. ಕತೆ ಹೇಳಿ ಮಿಸ್ ಎಂದವು ಮಕ್ಕಳು. ಬಾಯಿಗೆ ಬಂದದ್ದು ಧರ್ಮರಾಯ ಮತ್ತು ನಾಯಿಯ ಕತೆ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ್ದರಿಂದ ಅವನ ಭಾರತದಲ್ಲಿ ಇದು ಬರುವುದಿಲ್ಲ, ಮುಂದಿನದನ್ನು ಬರೆದವನು ತಿಮ್ಮಣ್ಣ ಕವಿ ಎಂದು ಪೀಠಿಕೆ ಹಾಕಿ ಶುರುಮಾಡಿದೆ. ದ್ರೌಪದಿ ಬಿದ್ದಳು, ಸಹದೇವ, ನಕುಲ, ಅರ್ಜುನ, ಭೀಮ ಬಿದ್ದರು. ಧರ್ಮರಾಯ ಹಿಂತಿರುಗಿ ನೋಡದೆ ನಡೆದ. ಇಂದ್ರ ರಥ ತಂದಾಗ ಮಾತ್ರ ಹಿಂದೆ ಬಂದ ನಾಯಿಯನ್ನು ಬಿಟ್ಟು ಹತ್ತಲಾರೆ ಎಂದ. ಮೊದಲ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಹೆಂಡತಿ ತಮ್ಮಂದಿರನ್ನೆಲ್ಲ ದಾರೀಲಿ ಬಿಟ್ಟು ಬಂದು ನಾಯೀನ ಮಾತ್ರ ಬಿಡಲ್ಲ ಅಂದರೆ ಏನು ನ್ಯಾಯ ಮಿಸ್?”

ಇಂದ್ರನೂ ಅದನ್ನೇ ಕೇಳಿದ ಎಂದೆ. ಅವನು ಕೊಟ್ಟ ಉತ್ತರವನ್ನೂ ಹೇಳಿದೆ. ಅವರು ಸತ್ತಿದ್ದರು, ಸತ್ತವರ ಜೊತೆ ಸ್ನೇಹವೂ ಇಲ್ಲ, ಜಗಳವೂ ಇಲ್ಲ, ಬದುಕಿಸಲು ನನ್ನ ಕೈಲಾಗುವುದಿಲ್ಲ. ಬದುಕಿದ್ದಾಗ ನಾನು ಅವರನ್ನು ಬಿಡಲಿಲ್ಲ, ಇದು ಬದುಕಿದೆ. ಹಾಗೆ ಹೇಳುತ್ತ ಹೇಳುತ್ತ ನನ್ನ ಮಾತು ನಿಧಾನವಾಯಿತು. ಕರಿಯನಿಗಾಗಿ ನಾನು ಈಗ ಏನೂ ಮಾಡಲಾರೆ. ಅವನ ಹೆಸರಿನಲ್ಲಿ ಬ್ರೂನೋನನ್ನು ತಂದದ್ದು ನನ್ನ ಸಮಾಧಾನಕ್ಕೆ. ಬದುಕಿರುವವರೆಂದರೆ ಗೇಟಿನಲ್ಲಿ ನಿಲ್ಲುವ ಒಂದು ನಾಯಿ, ಎಲ್ಲೋ ಅಳುತ್ತಿರುವ ಒಂದು ಹುಡುಗಿ. ಅವರಿಬ್ಬರ ನಡುವಿನ ಎರಡು ಸಾಲನ್ನು ನಾನು ಮತ್ತೆ ಓದದೆ ಬಿಟ್ಟಿದ್ದೆ. ಆಗ ಮಾರಿಕಣಿವೆ, ಈಗ ಸಂಜೆ ನಾಲ್ಕೂವರೆಯ ಹೆಮ್ಮೆ.

ಆ ರಾತ್ರಿ ಇವರ ಮುಂದೆ ಎರಡನ್ನೂ ಹೇಳಿದೆ. ಫೋನಿನದ್ದು, ಇನ್‌ಲ್ಯಾಂಡಿನದ್ದು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಇವರು ಸುಮಾರು ಹೊತ್ತು ಸುಮ್ಮನಿದ್ದು, “ಹನ್ನೊಂದು ವರ್ಷದ ಮಗು. ಏನು ಗೊತ್ತಾಗುತ್ತೆ?” ಎಂದರು. ಎಲ್ಲರೂ ಹೀಗೆಯೇ ಹೇಳುತ್ತಾರೆ. ನಾನೂ ತಪ್ಪು ಮಾಡಿದ ಮಕ್ಕಳ ತಾಯಂದಿರಿಗೆ ಹೇಳಿದ್ದೇನೆ. ಆದರೆ ಆ ಮಗುವಿಗೆ ಯಾವ ಎರಡು ಸಾಲು ಬಿಡಬೇಕೆಂದು ಸರಿಯಾಗಿ ಗೊತ್ತಿತ್ತಲ್ಲ. ಆಮೇಲೆ ಇವರೇ, “ಬಂದು ನೋಡಲಿ. ನೋಡಬೇಡಿ ಅನ್ನೋಕೆ ನಾವ್ಯಾರು?” ಎಂದರು. ನಾನು ಬೆಳಿಗ್ಗೆ ಫೋನ್ ಮಾಡಿ ನಂಬರ್ ಕೊಡಿ ಎಂದೆ.

ಭಾನುವಾರ ಹತ್ತು ಗಂಟೆಗೆ ಬಂದರು. ತಂದೆ, ತಾಯಿ, ಹನ್ನೆರಡರ ಹುಡುಗಿ. ಬಾಗಿಲ ಬಳಿ ಮಲಗಿದ್ದವನು ಕಾರು ತಿರುವಿನಲ್ಲಿರುವಾಗಲೇ ಎದ್ದ. ಏಳು ತಿಂಗಳಲ್ಲಿ ನಾವು ಕೇಳಿರದ ಒಂದು ದನಿ ತೆಗೆದ. ಬೊಗಳುವುದಲ್ಲ, ಊಳಿಡುವುದಲ್ಲ, ಹೆಂಗಸರು ತವರಿನವರನ್ನು ಕಂಡಾಗ ಅಳುವ ಹಾಗೆ. ಹುಡುಗಿ ನೆಲದ ಮೇಲೆ ಕೂತುಬಿಟ್ಟಳು. ಅವನು ಅವಳ ಸುತ್ತ ಸುತ್ತಿ, ಮೈಮೇಲೆ ಬಿದ್ದು, ನಿಂತಲ್ಲೇ ಒಂದ ಮಾಡಿಕೊಂಡು, ಮತ್ತೆ ಸುತ್ತಿದ. ಅತ್ತೆ ಕುರ್ಚಿಯಿಂದಲೇ, “ಏನೇ ಅದು, ಯಾರೇ ಬಂದದ್ದು?” ಎಂದು ಕೇಳುತ್ತಿದ್ದರು.

ಆ ತಂದೆಯನ್ನು ನಾಲ್ಕು ಮಾತು ಕೇಳಬೇಕೆಂದು ಸಿದ್ಧವಾಗಿದ್ದೆ. ಆತ ಚಪ್ಪಲಿ ಬಿಟ್ಟು, ಕಾಫಿ ಲೋಟ ಕೈಯಲ್ಲಿ ಹಿಡಿದು ಕುಡಿಯದೆ ಕೂತಿದ್ದರು. ಅಲ್ಲಿ ಬಾಡಿಗೆಯ ಫ್ಲ್ಯಾಟ್, ನಾಯಿಗೆ ಒಪ್ಪಲಿಲ್ಲ, ಎಷ್ಟು ಮನೆ ಹುಡುಕಿದೆವು ಎಂದು ತಡವರಿಸಿದರು. ವರ್ಗವಾದ ಗುಮಾಸ್ತನ ಮುಖ ನನಗೆ ಗೊತ್ತು. ನನ್ನ ನಾಲ್ಕು ಮಾತು ಅಲ್ಲೇ ಉಳಿದವು. ಅವರ ಹೆಂಡತಿ ನಾಯಿಯನ್ನು ನೋಡುತ್ತ, “ನಮ್ಮಲ್ಲಿದ್ದಾಗ ಸಂಜೆ ನಾಲ್ಕೂವರೆ ಆದರೆ ಗೇಟಲ್ಲಿ ನಿಂತಿರೋನು ಮೇಡಂ, ಇವಳ ಆಟೋ ಬರೋ ಹೊತ್ತು” ಎಂದರು.

ಇವರು ನನ್ನ ಮುಖ ನೋಡಿದರು. ನಾನು ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿದೆ.

ಹೊರಡುವಾಗ ಆ ತಂದೆ ನಿಂತುಕೊಂಡೇ ಕೇಳಿದರು. ಈಗ ಸಿಕ್ಕಿರುವ ಮನೆಯವರು ನಾಯಿಗೆ ಒಪ್ಪಿದ್ದಾರೆ, ನೀವು ದೊಡ್ಡ ಮನಸ್ಸು ಮಾಡಿದರೆ. ಮತ್ತೆ ಅದೇ ಮಾತು, ದೊಡ್ಡ ಮನಸ್ಸು. “ನಿಮಗೆ ಮತ್ತೆ ವರ್ಗ ಆಗೋದಿಲ್ವಾ?” ಎಂದೆ. “ಎರಡು ಮೂರು ವರ್ಷಕ್ಕೆ ಆಗಬಹುದು” ಎಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಹಾಗಾದರೆ ಈಗ ಆಗೋದಿಲ್ಲ” ಎಂದೆ. ನನ್ನ ದನಿ ತರಗತಿಯ ದನಿಯಾಗಿತ್ತು. ಹುಡುಗಿ ತಲೆ ತಗ್ಗಿಸಿ ಕಾರು ಹತ್ತಿದಳು. ಅವನು ಅವಳ ಹಿಂದೆಯೇ ಹಾರಿ, ಹಿಂದಿನ ಸೀಟಿನ ಎಡಗಡೆ, ತನ್ನ ಜಾಗ ಎನ್ನುವಂತೆ ಕೂತ. ಅವಳೇ ಅವನ ಕುತ್ತಿಗೆ ಪಟ್ಟಿ ಹಿಡಿದು ಇಳಿಸಿ ನನ್ನ ಕೈಗೆ ಕೊಟ್ಟಳು. “ಸ್ಟೇ ಬ್ರೂನೋ” ಎಂದಳು. ಅವನು ಕೂತ. ಅತ್ತೆ ಕೇಳಿದ್ದ ಪ್ರಶ್ನೆ ಆಗ ನೆನಪಿಗೆ ಬಂತು. ಎತ್ತಿ ಕೊಡುವವರು ಬೇಕೆಂದಿದ್ದರಲ್ಲ. ಕೊಟ್ಟವಳು ಆ ಹುಡುಗಿ, ಕೊಡಲು ಇಷ್ಟವಿಲ್ಲದೆ.

ನಾನು ಮಾಡಿದ್ದು ಸರಿಯೇ? ಅವನನ್ನು ಮೂರನೆಯ ಸಲ ಬಿಡುವ ಸಂದರ್ಭಕ್ಕೆ ಒಡ್ಡಬಾರದು ಎಂದು ಲೆಕ್ಕ ಹಾಕಿದರೆ ಸರಿ. ಆದರೆ ಅದೇ ಲೆಕ್ಕ ನನ್ನ ಆಸೆಗೂ ಅನುಕೂಲವಾಗಿದೆ. ನನಗೆ ಅನುಕೂಲವಾಗಿರುವ ಧರ್ಮವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆ ರಾತ್ರಿ ಅವನು ಊಟ ಮಾಡಲಿಲ್ಲ. ಇನ್ನೊಂದು ದಿನವೂ ಮಾಡಲಿಲ್ಲ. ಮೂರನೆಯ ದಿನ ಅತ್ತೆ ಎದ್ದು ಹೋಗಿ, ಅಡುಗೆಮನೆಯ ಹೊಸಿಲ ಮಣೆಯನ್ನು ಗೋಡೆಗೆ ಒರಗಿಸಿ, ಒಳಗೆ ಕರೆದು, ಕೈಯಾರೆ ಮೊಸರನ್ನದ ಉಂಡೆ ತಿನ್ನಿಸಿದರು. ತಿಂದ.

ಹುಡುಗಿಗೆ ಬೇಕಾದಾಗ ಬಾ ಎಂದಿದ್ದೆ, ಬರೆಯಬೇಕೆನಿಸಿದರೆ ಬರಿ ಎಂದಿದ್ದೆ. ಟೀಚರ್ ಬುದ್ಧಿ, ಎಲ್ಲರಿಗೂ ಏನಾದರೂ ಬರೆಯಲು ಹಚ್ಚುವುದು. ಕಳೆದ ವಾರ ನಿಜವಾಗಿಯೂ ಪತ್ರ ಬಂತು. ಎರಡು ಗೆರೆಯ ನೋಟುಪುಸ್ತಕದ ಹಾಳೆ, ಇಂಗ್ಲಿಷ್ ಶಾಲೆಯ ಕನ್ನಡ, ಒತ್ತಕ್ಷರವೆಲ್ಲ ಅಲ್ಲಲ್ಲೇ ಜಾರಿವೆ. ಅತ್ತೆ ಕುರ್ಚಿಯಲ್ಲಿ ಕೂತು, “ಯಾರದು? ಜೋರಾಗಿ ಓದು” ಎಂದರು. ವರುಣ ಅವರ ಕಾಲ ಬಳಿ ಮಲಗಿದ್ದ. ನಾನು ಕನ್ನಡಕ ಹಾಕಿಕೊಂಡು ಓದಿದೆ. ಪರೀಕ್ಷೆ ಹೇಗಾಯಿತು, ಅವನಿಗೆ ಪಪ್ಪಾಯಿ ಅಂದರೆ ಇಷ್ಟ, ಪಟಾಕಿ ಅಂದರೆ ಭಯ, ದೀಪಾವಳಿಯಲ್ಲಿ ಮಂಚದ ಕೆಳಗೆ ಜಾಗ ಮಾಡಿ ಕೊಡಿ, ರೇಡಿಯೋ ಹಾಕಿ. ಕೊನೆಯಲ್ಲಿ ಅಂಚಿನ ಹತ್ತಿರ, ಜಾಗ ಸಾಲದೆ ಚಿಕ್ಕ ಅಕ್ಷರದಲ್ಲಿ ಎರಡು ಸಾಲಿದ್ದವು.

“ಆಂಟಿ, ಅಪ್ಪನಿಗೆ ಮತ್ತೆ ವರ್ಗ ಆದರೂ ಇನ್ನು ಮೇಲೆ ನಾನು, ಅಮ್ಮ ಮೈಸೂರಿನಲ್ಲೇ ಇರ್ತೀವಂತೆ, ನನ್ನ ಹತ್ತನೇ ಕ್ಲಾಸು ಮುಗಿಯೋವರೆಗೆ. ಈಗ ಬ್ರೂನೋನ ಕೇಳಬಹುದಾ?”

ಓದಿದೆ.

ಅತ್ತೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಆ ಕೊನೇದು ಇನ್ನೊಂದು ಸಲ ಓದು” ಎಂದರು. ಇನ್ನೊಂದು ಸಲ ಓದಿದೆ. ಇವರು ಪತ್ರಿಕೆ ಮಡಿಸಿಟ್ಟು ಬಂದು ಬಾಗಿಲಲ್ಲಿ ನಿಂತರು. ಗಂಟೆ ನಾಲ್ಕೂವರೆಯಾಗಿತ್ತು. ಅವನು ಎದ್ದು, ಮೈ ಮುರಿದು, ಗೇಟಿನ ಕಡೆಗೆ ನಡೆದ.